ಪದ ಪರಿಚಯ: ಮನ್ರೋ

ಮನ್ರೋ ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನಕ್ಕೆ ಮಂತ್ರಾಲಯ ನೆನಪಾಗುತ್ತದೆ. ರಾಯರು ಬೃಂದಾವನದಿಂದ ಎದ್ದು ಬಂದು ಮಾತಾಡಿದರು ಅನ್ನುವ ಕಥೆಯ ಥಾಮಸ್ ಮನ್ರೋ. ಆತನೂ ಸ್ಕಾಟ್ಲೆಂಡಿನವನೇ, ಗ್ಲಾಸ್ಗೋದಲ್ಲಿ ಹುಟ್ಟಿದವನು. ಆದರೆ ಇವತ್ತಿನ ಪದ ಇನ್ನೊಬ್ಬ ಮನ್ರೋನಿಂದ ಬಂದದ್ದು. ಸ್ಕಾಟ್ಲೆಂಡಿನಲ್ಲಿ 3,000 ಅಡಿಗಿಂತ, ಅಂದರೆ 914.4 ಮೀಟರಿಗಿಂತ ಎತ್ತರವಿದ್ದು, ಒಂದು ಪಟ್ಟಿಯಲ್ಲಿ ಹೆಸರು ಸೇರಿರುವ ಬೆಟ್ಟಕ್ಕೆ ಮನ್ರೋ ಎನ್ನುತ್ತಾರೆ. ಸದ್ಯ ಅಂಥವು 282 ಇವೆ. ವಾರದ ಕೊನೆಗೆ ಏನು ಮಾಡಿದೆ ಅಂತ ಕೇಳಿದರೆ "ಒಂದು ಮನ್ರೋ ಹತ್ತಿ ಬಂದೆ" ಅನ್ನುವುದು ಅಲ್ಲಿ ಮಾಮೂಲಿ ಮಾತು.

ಪಟ್ಟಿ ಮಾಡಿದವರು ಸರ್ ಹ್ಯೂ ಮನ್ರೋ. ಹುಟ್ಟಿದ್ದು 1856ರಲ್ಲಿ, ಲಂಡನ್ನಿನಲ್ಲಿ. 1889ರಲ್ಲಿ ಶುರುವಾದ ಸ್ಕಾಟಿಷ್ ಮೌಂಟೇನಿಯರಿಂಗ್ ಕ್ಲಬ್ಬಿನ ಮೊದಲ ಸದಸ್ಯರಲ್ಲಿ ಒಬ್ಬರು. ಅಲ್ಲಿಯವರೆಗೆ 3,000 ಅಡಿ ದಾಟಿದ ಬೆಟ್ಟಗಳು ಮೂವತ್ತು ಚಿಲ್ಲರೆ ಇರಬಹುದು ಅಂತ ಜನ ಅಂದುಕೊಂಡಿದ್ದರು. 1891ರಲ್ಲಿ ಕ್ಲಬ್ಬಿನ ಪತ್ರಿಕೆಯಲ್ಲಿ ಮನ್ರೋ ಪಟ್ಟಿ ಅಚ್ಚಾಯಿತು. ಅದರಲ್ಲಿ ಇದ್ದ ತುದಿಗಳು 538! ಅವುಗಳಲ್ಲಿ 283 ಬೇರೆ ಬೇರೆ ಬೆಟ್ಟಗಳು, ಉಳಿದವು ಅವುಗಳ ಪಕ್ಕದ ಚಿಕ್ಕ ತುದಿಗಳು.

ಯಾವುದು ಬೇರೆ ಬೆಟ್ಟ, ಯಾವುದು ಅದೇ ಬೆಟ್ಟದ ಇನ್ನೊಂದು ತುದಿ? ಇದಕ್ಕೆ ಮನ್ರೋ ಲಿಖಿತ ನಿಯಮ ಏನೂ ಕೊಡಲಿಲ್ಲ. ನೋಡಿ, ನಡೆದು, ತನಗೆ ಸರಿ ಅನಿಸಿದಂತೆ ವಿಂಗಡಿಸಿದರು. ಆ ಕುರಿತ ಜಗಳ ಇವತ್ತಿಗೂ ಮುಗಿದಿಲ್ಲ. ಎತ್ತರದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬೇನ್ ಅ ಕ್ಲೈವ್ ಎಂಬ ಬೆಟ್ಟವನ್ನು ಹೊಸದಾಗಿ ಅಳೆದಾಗ 913.96 ಮೀಟರ್ ಬಂತು. 44 ಸೆಂಟಿಮೀಟರ್ ಕಡಿಮೆ. 2012ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಬೆಟ್ಟ ಇದ್ದಲ್ಲೇ ಇದೆ, ಪಾಪ.

ಇಲ್ಲಿ ನಮ್ಮವರಿಗೆ ಒಂದು ಅನುಮಾನ ಬಂದೇ ಬರುತ್ತದೆ. 914 ಮೀಟರ್ ಅಂದರೆ ಅದೇನು ಮಹಾ ಎತ್ತರ? ಬೆಂಗಳೂರಿನ ಎಷ್ಟೋ ಬಡಾವಣೆಗಳೇ ಸಮುದ್ರ ಮಟ್ಟದಿಂದ ಅದಕ್ಕಿಂತ ಮೇಲಿವೆ. ಅಲ್ಲಿನ ಅತಿ ಎತ್ತರದ ಬೆನ್ ನೆವಿಸ್ 1,345 ಮೀಟರ್. ನಮ್ಮ ಕುಮಾರ ಪರ್ವತ 1,700 ದಾಟುತ್ತದೆ. ಅಂಕಿ ನೋಡಿದರೆ ಸರಿಯೇ. ಆದರೆ ಸ್ಕಾಟ್ಲೆಂಡಿನಲ್ಲಿ ಎಷ್ಟೋ ಕಡೆ ಹತ್ತುವುದು ಶುರುವಾಗುವುದೇ ಸಮುದ್ರದ ಮಟ್ಟದಲ್ಲಿ ಅಥವಾ ಅದರ ಹತ್ತಿರದಲ್ಲಿ. ಜೊತೆಗೆ ಆ ನಾಡಿನ ಬಹುಪಾಲು ಇರುವುದು ಉತ್ತರಕ್ಕೆ ತುಂಬಾ ಮೇಲೆ, 55 ಡಿಗ್ರಿ ಅಕ್ಷಾಂಶದ ಆಚೆ. ಐನೂರು ಆರುನೂರು ಮೀಟರ್ ದಾಟುವಷ್ಟರಲ್ಲಿ ಮರಗಳು ಮುಗಿದಿರುತ್ತವೆ. ಆಮೇಲೆ ಹುಲ್ಲು, ಜೌಗು, ಬಂಡೆ, ಗಾಳಿ. ಆ ಗಾಳಿಯನ್ನು ಸುಮ್ನೆ ಲೆಕ್ಕಕ್ಕೆ ಹೇಳುತ್ತಿಲ್ಲ. 1986ರ ಮಾರ್ಚಿನಲ್ಲಿ ಕೇರ್ನ್ ಗಾರ್ಮ್ ಬೆಟ್ಟದ ನೆತ್ತಿಯಲ್ಲಿ ಗಂಟೆಗೆ 173 ಮೈಲಿ ವೇಗದ ಬೀಸು ದಾಖಲಾಗಿದೆ. ಜೂನ್ ತಿಂಗಳಲ್ಲೂ ಬ್ಯಾಗಿನಲ್ಲಿ ಉಣ್ಣೆಯ ಟೋಪಿ, ಕೈಗವಸು ಇಟ್ಟುಕೊಳ್ಳಿ ಅಂತ ಅಲ್ಲಿನವರು ಹೇಳುವುದು ಇದಕ್ಕೇ.

ಮನ್ರೋ ಹತ್ತುವುದು ಹೇಗಿರುತ್ತದೆ ಅಂತ ತಿಳಿಯಲು ಶಿಹಾಲಿಯನ್ ಒಳ್ಳೆಯ ಉದಾಹರಣೆ. ಪರ್ತ್‌ಷೈರ್‌ನಲ್ಲಿದೆ, 1,083 ಮೀಟರ್. ಮೊದಲ ಸಲ ಹತ್ತುವವರಿಗೆ ಇದನ್ನೇ ಹೇಳುವವರು ಜಾಸ್ತಿ. ಬ್ರೇಸ್ ಆಫ್ ಫಾಸ್ ಎಂಬಲ್ಲಿ ಕಾರು ನಿಲ್ಲಿಸಿ ಹೊರಟರೆ ಹೋಗಿ ಬರಲು ಸುಮಾರು 10 ಕಿಲೋಮೀಟರ್. ಮೊದಲರ್ಧ ಸಲೀಸು. ಹೆದರ್ ಗಿಡಗಳ ನಡುವೆ ಕಲ್ಲು ಹಾಸಿದ ದಾರಿ. ಮೊಣಕಾಲೆತ್ತರದ ಈ ಪೊದೆ ಆಗಸ್ಟಿನಲ್ಲಿ ಹೂ ಬಿಟ್ಟು ಇಡೀ ಇಳಿಜಾರು ನೇರಳೆಯಾಗುತ್ತದೆ. ಹಳೆಯ ದಾರಿ ಜನ ನಡೆದು ನಡೆದು ಕೆಸರುಗುಂಡಿಯಾಗಿತ್ತು. ಬೆಟ್ಟದ ಪೂರ್ವ ಭಾಗವನ್ನು 1999ರಲ್ಲಿ ಕೊಂಡುಕೊಂಡ ಜಾನ್ ಮ್ಯೂರ್ ಟ್ರಸ್ಟ್ ಈಗಿನ ದಾರಿಯನ್ನು ಹೊಸದಾಗಿ ಮಾಡಿಸಿತು.

ಮೇಲಿನ ಅರ್ಧಕ್ಕೆ ದಾರಿಯೇ ಇಲ್ಲ. ಬೆಟ್ಟದ ಬೆನ್ನುದ್ದಕ್ಕೂ ಕ್ವಾರ್ಟ್ಜೈಟ್ ಬಂಡೆಚೂರುಗಳು. ಬೂದುಬಿಳಿ ಬಣ್ಣ, ಚೂಪು ಅಂಚು, ಕೆಲವು ಇಟ್ಟಿಗೆಯಷ್ಟು, ಕೆಲವು ಫ್ರಿಜ್ಜಿನಷ್ಟು. ಒಂದರಿಂದ ಇನ್ನೊಂದಕ್ಕೆ ಕಾಲಿಡುವಾಗ ಕಲ್ಲು ಟಕ್ ಅಂತ ಅಲುಗುತ್ತದೆ. ಮಳೆ ಬಿದ್ದಿದ್ದರೆ ಜಾರುತ್ತದೆ. ಮುಂದೆ ಕಾಣುವುದೇ ತುದಿ ಅಂದುಕೊಂಡು ಹೋದರೆ ಅದರ ಹಿಂದೆ ಇನ್ನೊಂದು. ಇಂಥ ಕಲ್ಲಿನ ನಡುವೆ ಟಾರ್ಮಿಗನ್ ಹಕ್ಕಿ ಕೂತಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನದೇ ಬಣ್ಣ, ಚಳಿಗಾಲದಲ್ಲಿ ಹಿಮದ ಬಣ್ಣ. ಕಾಲ ಬಳಿಯೇ ಇದ್ದರೂ ಎದ್ದು ಹೋಗುವವರೆಗೆ ಗೊತ್ತಾಗುವುದಿಲ್ಲ. ತುದಿಯಲ್ಲಿ ಗುಡಿ ಇಲ್ಲ, ಟೀ ಅಂಗಡಿಯೂ ಇಲ್ಲ. ಮೋಡ ಇಲ್ಲದಿದ್ದರೆ ಪಶ್ಚಿಮಕ್ಕೆ ಲಾಕ್ ರಾನ್ನಕ್ ಸರೋವರ ಉದ್ದಕ್ಕೆ ಮಲಗಿರುವುದು ಕಾಣುತ್ತದೆ, ಅದರಾಚೆ ರಾನ್ನಕ್ ಬಯಲು, ದೂರದಲ್ಲಿ ಗ್ಲೆನ್ ಕೋ ಬೆಟ್ಟಗಳು. ಮೋಡ ಇದ್ದರೆ ನಿಮ್ಮ ಬೂಟು ಕಾಣುತ್ತದೆ.

ಈ ಬೆಟ್ಟಕ್ಕೆ ಇನ್ನೂ ಒಂದು ಹೆಸರುವಾಸಿ ಇದೆ. 1774ರಲ್ಲಿ ಖಗೋಳ ವಿಜ್ಞಾನಿ ನೆವಿಲ್ ಮ್ಯಾಸ್ಕಲೈನ್ ಇಲ್ಲಿಗೆ ಬಂದದ್ದು ಭೂಮಿಯನ್ನು ತೂಗಲು. ಬೆಟ್ಟ ಒಂಟಿಯಾಗಿದೆ, ಆಕಾರ ಅಚ್ಚುಕಟ್ಟಾಗಿದೆ. ಅದರ ಎರಡೂ ಪಕ್ಕ ತೂಗುಬಿಟ್ಟ ಗುಂಡು ಬೆಟ್ಟದ ಕಡೆಗೆ ಎಷ್ಟು ವಾಲುತ್ತದೆ ಅಂತ ನಕ್ಷತ್ರಗಳ ಲೆಕ್ಕ ಇಟ್ಟು ಅಳೆದರು. ಬೆಟ್ಟದ ಸೆಳೆತ ಗೊತ್ತಾದರೆ ಭೂಮಿಯ ಸಾಂದ್ರತೆ ಲೆಕ್ಕ ಹಾಕಬಹುದಲ್ಲ. ಆ ಲೆಕ್ಕ ಮಾಡಿದ ಚಾರ್ಲ್ಸ್ ಹಟ್ಟನ್‌ಗೆ ನೀರಿನ ಸುಮಾರು 4.5 ಪಟ್ಟು ಅಂತ ಉತ್ತರ ಬಂತು. ಈಗಿನ ಲೆಕ್ಕದಲ್ಲಿ ಅದು 5.5. ದಾರ ಮತ್ತು ಗುಂಡು ಇಟ್ಟುಕೊಂಡು ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ. ಬೆಟ್ಟದ ಗಾತ್ರ ತಿಳಿಯಲು ಹಟ್ಟನ್ ಒಂದೇ ಎತ್ತರದ ಜಾಗಗಳನ್ನು ಗೆರೆ ಎಳೆದು ಕೂಡಿಸಿದರು. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದುತ್ತೇವಲ್ಲ, ಅದೇ ಬಗೆ.

ನಡಿಗೆಯ ಸಮಯಕ್ಕೂ ಅಲ್ಲೊಂದು ಲೆಕ್ಕವಿದೆ. ಅದೇ ಕ್ಲಬ್ಬಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಶಿಹಾಲಿಯನ್ ಮೂರೂಕಾಲು ಗಂಟೆಯ ಕೆಲಸ. ಆದರೆ ಆ ಬಂಡೆಗಳು ನೇಸ್ಮಿತ್ ಮಾತು ಕೇಳುವುದಿಲ್ಲ. ಐದು ಗಂಟೆ ಇಟ್ಟುಕೊಳ್ಳುವುದು ಕ್ಷೇಮ.

ಟಿಕೆಟ್, ಪರ್ಮಿಷನ್ ಏನೂ ಬೇಕಿಲ್ಲ. ಆನ್‌ಲೈನ್ ಬುಕಿಂಗ್‌ಗೆ ಒಗ್ಗಿದ ನಮ್ಮ ಚಾರಣಿಗರಿಗೆ ಇದು ಆಶ್ಚರ್ಯ ಅನಿಸಬಹುದು. 2003ರ ಭೂಸುಧಾರಣಾ ಕಾಯ್ದೆ ಖಾಸಗಿ ಎಸ್ಟೇಟಿನ ಬೆಟ್ಟದಲ್ಲೂ ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಬೇಸಿಗೆ ಕೊನೆಯಿಂದ ಅಕ್ಟೋಬರ್‌ವರೆಗೆ ಜಿಂಕೆ ಬೇಟೆ ನಡೆಯುವ ಕಡೆ ಮಾತ್ರ ಯಾವ ದಾರಿ ಹಿಡಿಯಬೇಕು ಅಂತ ವಿಚಾರಿಸಿಕೊಂಡು ಹೋಗಬೇಕು. ಇನ್ನು ಮಿಡ್ಜ್ ನೊಣ. ಮಲೆನಾಡಿಗೆ ಇಂಬಳ ಹೇಗೋ ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ಗೆ ಇವು ಹಾಗೆ. ಗಾಳಿ ಬೀಸುತ್ತಿದ್ದರೆ ಹಾರುವುದಿಲ್ಲ, ನಿಂತರೆ ಮುಖಕ್ಕೆ ಮುತ್ತುತ್ತವೆ.

ಒಂದೊಂದೇ ಹತ್ತಿ ಹೆಸರಿಗೆ ಗುರುತು ಹಾಕುತ್ತಾ ಹೋಗುವವರನ್ನು ಮನ್ರೋ ಬ್ಯಾಗರ್ ಎನ್ನುತ್ತಾರೆ. ಪೂರ್ತಿ ಮುಗಿಸಿದ ಮೊದಲಿಗ ಅಂತ ಕ್ಲಬ್ಬಿನ ದಾಖಲೆಯಲ್ಲಿರುವವರು ಪಾದ್ರಿ ಎ. ಇ. ರಾಬರ್ಟ್‌ಸನ್, 1901ರಲ್ಲಿ. ಕೊನೆಯ ತುದಿಯಲ್ಲಿ ಮೊದಲು ಕಲ್ಲುಗುಪ್ಪೆಗೆ ಮುತ್ತಿಟ್ಟರು, ಆಮೇಲೆ ಹೆಂಡತಿಗೆ ಅಂತ ಹೇಳುತ್ತಾರೆ. ಈಗ ಮುಗಿಸಿದವರ ಸಂಖ್ಯೆ ಏಳು ಸಾವಿರ ದಾಟಿದೆ. ಬಹಳ ಜನ ಅಂಜುವುದು ಸ್ಕೈ ದ್ವೀಪದ ಇನ್‌ಆಕ್ಸೆಸಿಬಲ್ ಪಿನಾಕಲ್‌ಗೆ. ಗೋಡೆಯಂತೆ ನಿಂತ ಬಂಡೆ ಅದು, ಹಗ್ಗ ಬೇಕೇ ಬೇಕು. 1919ರಲ್ಲಿ ತೀರಿಕೊಂಡ ಹ್ಯೂ ಮನ್ರೋಗೂ ಅದು ಬಾಕಿಯೇ ಉಳಿಯಿತು.

ಪಟ್ಟಿ ಇಲ್ಲದಿದ್ದರೆ ಎಷ್ಟೋ ಮೂಲೆಯ ಬೆಟ್ಟಗಳಿಗೆ ಯಾರೂ ಹೋಗುತ್ತಿರಲಿಲ್ಲ, ಅದು ನಿಜ. ಆದರೆ ಬರೀ ಪಟ್ಟಿ ನೋಡಿಕೊಂಡು ಹೋದರೆ ಸುಯ್ಲ್ವೆನ್ ತಪ್ಪಿಹೋಗುತ್ತದೆ. ನನ್ನ ಪ್ರಕಾರ ಆ ನಾಡಿನ ಅತಿ ಚೆಂದದ ಬೆಟ್ಟಗಳಲ್ಲಿ ಅದೂ ಒಂದು. ವಾಯವ್ಯ ಮೂಲೆಯಲ್ಲಿದೆ. ಎತ್ತರ ಬರೀ 731 ಮೀಟರ್. ಮನ್ರೋ ಅಲ್ಲ, 2,500 ಅಡಿಯಿಂದ ಶುರುವಾಗುವ ಕಾರ್ಬೆಟ್ ಪಟ್ಟಿಗೂ ಸೇರುವುದಿಲ್ಲ. ಕೆಳಗೆ ಭೂಮಿಯ ಅತಿ ಹಳೆಯ ಕಲ್ಲುಗಳಲ್ಲಿ ಒಂದಾದ ನೈಸ್, ಅದರ ಮೇಲೆ ಕಡಿದಾದ ಮರಳುಗಲ್ಲಿನ ಗುಡ್ಡ. 2005ರಿಂದ ಆ ಜಾಗ ಊರಿನವರದೇ ಸಂಸ್ಥೆಯ ಕೈಯಲ್ಲಿದೆ. ಲಾಕಿನ್ವರ್ ಊರಿನ ಕಡೆಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್, ಪೂರ್ತಿ ಹಗಲು ಬೇಕು. ಅಷ್ಟು ಒಂದೇ ದಿನಕ್ಕೆ ಆಗದು ಅನಿಸಿದರೆ ದಾರಿ ಹತ್ತಿರ ಸುಯ್ಲೆಗ್ ಎಂಬ ಬಾತಿ ಇದೆ. ಬೀಗ ಇಲ್ಲದ, ಬಾಡಿಗೆ ಕೇಳದ ಕಲ್ಲಿನ ಮನೆ. ಹಾಸಿಗೆ, ಒಲೆ, ಊಟ ಎಲ್ಲ ನೀವೇ ಹೊತ್ತುಕೊಂಡು ಹೋಗಬೇಕು.