ತೋರಾದಲ್ಲಿ ಇಲ್ಲದ ಹನುಕ್ಕಾಗೆ ಆಜ್ಞೆಯ ಬಲ ಎಲ್ಲಿಂದ ಬಂತು?

ಯಹೂದಿ ಕಾನೂನು ಓದುವಾಗ ಯಾವ ಆಚರಣೆ ಬಂದರೂ ಮೊದಲು ಕೇಳಬೇಕಾದ್ದು ಇದು: ತೋರಾ (ಮೋಶೆಯ ಐದು ಪುಸ್ತಕಗಳು) ಹೇಳಿದ್ದೋ, ರಬ್ಬಿಗಳು (ಯಹೂದಿ ಧರ್ಮಪಂಡಿತರು) ಗೊತ್ತುಮಾಡಿದ್ದೋ? ಮೊದಲನೆಯದು ದೆಓರೈತಾ, ಎರಡನೆಯದು ದೆರಬ್ಬಾನನ್. ಎಂಟು ದಿನ ದೀಪ ಹಚ್ಚುವ ಹನುಕ್ಕಾ ಹಬ್ಬ ಪೂರ್ತಿ ಎರಡನೇ ಗುಂಪಿಗೆ ಸೇರಿದ್ದು. ಅದು ನೆನೆಯುವ ಘಟನೆ, ಅಂದರೆ ಜೆರೂಸಲೇಮಿನ ದೇವಾಲಯವನ್ನು ಮಕ್ಕಬಿಯರು (ದಂಗೆ ಎದ್ದ ಯಹೂದಿ ಹೋರಾಟಗಾರರು) ಶುದ್ಧಿ ಮಾಡಿದ್ದು, ನಡೆದದ್ದು ತೋರಾ ಬಂದ ಎಷ್ಟೋ ಕಾಲದ ಮೇಲೆ, ಕ್ರಿ.ಪೂ. 164ರಲ್ಲಿ; ತೋರಾದಲ್ಲಿ ಅದರ ಮಾತು ಇರಲು ಸಾಧ್ಯವೇ ಇಲ್ಲ.

ಪುರೀಮ್ ಹಬ್ಬವೂ ಇದೇ ಗುಂಪಿನದು. ಆದರೆ ಅದಕ್ಕೆ ಹೀಬ್ರೂ ಬೈಬಲಿನಲ್ಲಿ ಎಸ್ತೇರಳ ಪುಸ್ತಕವಾದರೂ ಇದೆ. ಹನುಕ್ಕಾಗೆ ಅದೂ ಇಲ್ಲ, ರಬ್ಬಿಗಳ ಕಾನೂನಿನ ಮೊದಲ ದೊಡ್ಡ ಸಂಗ್ರಹವಾದ ಮಿಶ್ನಾದಲ್ಲಿ ಪ್ರತ್ಯೇಕ ಸಂಪುಟವೂ ಇಲ್ಲ. ಅಲ್ಲಿ ಇಲ್ಲಿ ಹೆಸರು ಬರುತ್ತದೆ ಅಷ್ಟೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಮಿಶ್ನಾದ ಬಾವಾ ಕಮ್ಮಾ ಸಂಪುಟದ 6:6. ಅಗಸೆ ನಾರು ಹೇರಿಕೊಂಡ ಒಂಟೆ ಬೀದಿಯಲ್ಲಿ ಹೋಗುತ್ತಿದೆ. ನಾರು ಅಂಗಡಿಯೊಳಕ್ಕೆ ಚಾಚಿ, ದೀಪಕ್ಕೆ ತಗುಲಿ, ಕಟ್ಟಡ ಸುಟ್ಟರೆ ಒಂಟೆಯವನು ಹೊಣೆ. ದೀಪವನ್ನು ಹೊರಗೆ ಇಟ್ಟಿದ್ದರೆ ಅಂಗಡಿಯವನು ಹೊಣೆ. ಅದು ಹನುಕ್ಕಾ ದೀಪವಾಗಿದ್ದರೆ? ಅಂಗಡಿಯವನ ಮೇಲೆ ಹೊಣೆಯಿಲ್ಲ ಎನ್ನುತ್ತಾರೆ ರಬ್ಬಿ ಯೆಹೂದಾ. ದೀಪ ಬೀದಿಗೆ ಕಾಣುವಂತೆ ಇರಬೇಕು ಅನ್ನುವುದು ಆಗಲೇ ಎಷ್ಟು ಗಟ್ಟಿಯಾಗಿತ್ತು ನೋಡಿ.

ಎಣ್ಣೆಯ ಪವಾಡದ ಕಥೆ ತಾಲ್ಮುದಿನ (ಮಿಶ್ನಾದ ಮೇಲೆ ರಬ್ಬಿಗಳು ಮಾಡಿದ ಚರ್ಚೆಗಳ ಸಂಗ್ರಹ) ಶಬ್ಬಾತ್ ಸಂಪುಟದ 21ಬಿ ಪುಟದಲ್ಲಿದೆ. ದೇವಾಲಯದ ದೀಪಕ್ಕೆ ಒಂದು ದಿನಕ್ಕೆ ಸಾಲುವಷ್ಟಿದ್ದ ಎಣ್ಣೆ ಎಂಟು ದಿನ ಉರಿಯಿತು ಅನ್ನುವ ಕಥೆ, ಅದನ್ನು ಬಿಡೋಣ. ಕಷ್ಟ ಇರುವುದು 23ಎ ಪುಟದಲ್ಲಿ.

ದೀಪ ಹಚ್ಚುವಾಗ ಹೇಳುವ ಪ್ರಾರ್ಥನೆಯಲ್ಲಿ, ದೀಪ ಹಚ್ಚಲು ದೇವರು 'ನಮಗೆ ಆಜ್ಞಾಪಿಸಿದ್ದಾನೆ' ಎಂಬ ಮಾತು ಬರುತ್ತದೆ. ತಾಲ್ಮುದ್ ನೇರವಾಗಿ ಕೇಳುತ್ತದೆ: ಎಲ್ಲಿ ಆಜ್ಞಾಪಿಸಿದ? ಅಲ್ಲಿನ ಪಂಡಿತ ರಾವ್ ಅವ್ಯಾ ಕೊಡುವ ಉತ್ತರ ತೋರಾದ ಐದನೇ ಪುಸ್ತಕವಾದ ಧರ್ಮೋಪದೇಶಕಾಂಡದ 17:11. ನ್ಯಾಯ ಹೇಳುವವರು ತಿಳಿಸಿದ್ದನ್ನು ಬಿಟ್ಟು ಅತ್ತಿತ್ತ ಹೋಗಬಾರದು ಅನ್ನುತ್ತದೆ ಆ ವಚನ. ಇಲ್ಲಿ ಎರಡು ಪದರ ಬೇರೆ ಮಾಡಿಕೊಳ್ಳಿ. ದೀಪ ಹಚ್ಚು ಎಂದವರು ರಬ್ಬಿಗಳು. ರಬ್ಬಿಗಳ ಮಾತು ಕೇಳು ಎಂದದ್ದು ತೋರಾ. ಪ್ರಾರ್ಥನೆ ನಿಂತಿರುವುದು ಎರಡನೆಯದರ ಮೇಲೆ. ಸ್ಥಳೀಯ ಅಧಿಕಾರಿ ಹಾಕಿದ ನಿಯಮಕ್ಕೆ ಶಾಸನಸಭೆಯ ಕಾಯ್ದೆ ಬಲ ಕೊಟ್ಟ ಹಾಗೆ.

ಹಾಗಾದರೆ ರಬ್ಬಿಗಳ ಪ್ರತಿ ನಿಯಮವೂ ತೋರಾದ ಆಜ್ಞೆಯೇ ಆಗಿಬಿಡಲ್ವಾ? ಇಲ್ಲೇ ದೊಡ್ಡವರೂ ಬೇರೆಯಾದರು. ತೋರಾದ 613 ಆಜ್ಞೆಗಳ ಪಟ್ಟಿಯಲ್ಲಿ ಹನುಕ್ಕಾ ದೀಪ ಸೇರಬಾರದು ಎಂದು ಮಧ್ಯಯುಗದ ಪಂಡಿತ ಮೈಮೊನಿಡೀಸ್ ಪಟ್ಟು ಹಿಡಿದರು. ಆದರೂ ರಬ್ಬಿಗಳ ಅಧಿಕಾರಕ್ಕೆ ಅದೇ ವಚನವನ್ನು ಆಧಾರ ಮಾಡಿಕೊಂಡರು. ಅವರ ನಂತರದ ಪಂಡಿತ ನಖ್ಮಾನಿಡೀಸ್ ಒಪ್ಪಲಿಲ್ಲ. ಆ ವಚನವನ್ನೇ ಆಧಾರ ಮಾಡಿಕೊಂಡರೆ, ಸಂಶಯ ಬಂದಾಗ ತೋರಾದ ವಿಷಯದಲ್ಲಿ ಬಿಗಿ, ರಬ್ಬಿಗಳ ವಿಷಯದಲ್ಲಿ ಸಡಿಲ ಅನ್ನುವ ಭೇದವೇ ನಿಲ್ಲುವುದಿಲ್ಲ ಎಂದರು. ನನಗೆ ನಖ್ಮಾನಿಡೀಸರ ವಾದವೇ ಜಾಸ್ತಿ ಗಟ್ಟಿ ಅನ್ನಿಸುತ್ತದೆ.

ರಬ್ಬಿಗಳದ್ದು ಅಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ. ಭಿಕ್ಷೆಯ ಅನ್ನ ತಿನ್ನುವವನೂ ಬೇಡಿಯೋ, ಮೇಲುಡುಪು ಮಾರಿಯೋ ಎಣ್ಣೆ ಕೊಂಡು ದೀಪ ಹಚ್ಚಬೇಕು ಎನ್ನುತ್ತಾರೆ ಇದೇ ಮೈಮೊನಿಡೀಸ್. ಇರುವ ಕಾಸು ಒಂದಕ್ಕೆ ಮಾತ್ರ ಸಾಕಾದರೆ, ಕಿದ್ದೂಷಿನ (ಶಬ್ಬಾತ್ ದಿನವನ್ನು ಪವಿತ್ರವೆಂದು ಸಾರುವ ಪ್ರಾರ್ಥನೆ) ದ್ರಾಕ್ಷಾರಸಕ್ಕಿಂತ ಹನುಕ್ಕಾ ದೀಪ ಮೊದಲು: ಪವಾಡ ಊರಿಗೆಲ್ಲ ಗೊತ್ತಾಗಬೇಕು. ಆದರೆ ಶಬ್ಬಾತಿನ, ಅಂದರೆ ವಾರದ ವಿಶ್ರಾಂತಿ ದಿನದ, ಮನೆದೀಪ ಹನುಕ್ಕಾ ದೀಪಕ್ಕಿಂತ ಮೊದಲು. ಕತ್ತಲಲ್ಲಿ ಕೂತರೆ ಮನೆಯ ನೆಮ್ಮದಿ ಕೆಡುತ್ತದೆ, ಅದೇ ಕಾರಣ.