‘ನಮ್ಮ ಸರಹದ್ದಿಗೆ ಬರಲ್ಲ’: ಕ್ರಿಮಿನಲ್ ಕೋರ್ಟಿನ ಗಡಿ ಎಳೆದವರು ಯಾರು?

ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದಿರಿ. ಬೆಂಗಳೂರಿನಲ್ಲಿ ಎದ್ದು ನೋಡಿದರೆ ಬ್ಯಾಗ್ ಇಲ್ಲ. ಹೋದದ್ದು ಹಾವೇರಿಯಲ್ಲೋ, ದಾವಣಗೆರೆಯಲ್ಲೋ? ಕೇಸು ಯಾವ ಊರಿನ ಕೋರ್ಟಿಗೆ? ಕಾನೂನು ಇದನ್ನು ಮೊದಲೇ ಯೋಚಿಸಿದೆ. ರೈಲು ಹಾದುಹೋದ ಯಾವ ಊರಿನ ಕೋರ್ಟಾದರೂ ವಿಚಾರಣೆ ನಡೆಸಬಹುದು. ಆದರೆ ಮಾಮೂಲಿ ನಿಯಮ ಬೇರೆ: ಅಪರಾಧ ನಡೆದ ಜಾಗದಲ್ಲೇ ವಿಚಾರಣೆ. ಸಾಕ್ಷಿ, ಪಂಚರು, ಠಾಣೆ ಎಲ್ಲ ಇರುವುದು ಅಲ್ಲೇ ಅಲ್ವಾ?

ಆ ಜಾಗಕ್ಕೆ ಗೆರೆ ಹಾಕಿದವರು ಮಾತ್ರ ಜಡ್ಜರಲ್ಲ, ಕಂದಾಯ ಎತ್ತುವವರು. 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಜಿಲ್ಲೆಗೊಂದು ಫೌಜದಾರಿ ಅದಾಲತ್, ಅಂದರೆ ಕ್ರಿಮಿನಲ್ ಕೋರ್ಟು ಮಾಡಿದ. ಜಿಲ್ಲೆ ಅಂದರೆ ಕಲೆಕ್ಟರನ ಜಿಲ್ಲೆ. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅವನ್ನು ತೆಗೆದು ಕಲ್ಕತ್ತಾ, ಮುರ್ಷಿದಾಬಾದ್, ಢಾಕಾ, ಪಾಟ್ನಾಗಳಿಗೆ ಒಂದೊಂದು ಸಂಚಾರಿ ಕೋರ್ಟು ಕೊಟ್ಟ. ಜಡ್ಜರು ವರ್ಷಕ್ಕೆ ಎರಡು ಸಲ ಜಿಲ್ಲೆ ಜಿಲ್ಲೆ ಸುತ್ತಬೇಕು. ಅವರು ಬರುವ ತನಕ ಆರೋಪಿ ಜೈಲಿನಲ್ಲೇ. 1829ರಲ್ಲಿ ಇನ್ನೊಬ್ಬ ಗವರ್ನರ್ ಜನರಲ್ ಬೆಂಟಿಂಕ್ ಇದನ್ನೂ ಮುಚ್ಚಿ ಕೆಲಸವನ್ನು ಕಂದಾಯ ಕಮಿಷನರುಗಳಿಗೆ ವಹಿಸಿದ. 1831ರಿಂದ ಅದು ಜಿಲ್ಲಾ ಜಡ್ಜರ ಕೈಗೆ ಬರತೊಡಗಿತು. ‘ಜಿಲ್ಲಾ ಮತ್ತು ಸತ್ರ (ಸೆಷನ್ಸ್) ನ್ಯಾಯಾಧೀಶರು’ ಎಂಬ ಜೋಡಿ ಹೆಸರಿನ ಬೇರು ಇರುವುದು ಅಲ್ಲಿ.

ಅದೇ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈ ಸೇರಿತು. ಸಂಸ್ಥಾನವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂದು ನಾಲ್ಕು ಭಾಗ ಮಾಡಿದರು. ತಾಲ್ಲೂಕಿನಲ್ಲಿ ಅಮಲ್ದಾರನೇ (ಇಂದಿನ ತಹಶೀಲ್ದಾರ) ಎಲ್ಲ. ಕಂದಾಯ ಎತ್ತುವವನೂ ಅವನೇ, ಸಣ್ಣಪುಟ್ಟ ಅಪರಾಧಕ್ಕೆ ಶಿಕ್ಷೆ ಕೊಡುವವನೂ ಅವನೇ! ದೇಶದ ಮಟ್ಟದಲ್ಲಿ ಈ ಗಂಟು ಪೂರ್ತಿ ಬಿಚ್ಚಿದ್ದು 1974ರ ಏಪ್ರಿಲ್ 1ರಂದು, 1973ರ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದಾಗ. ನ್ಯಾಯಿಕ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಕೆಳಗೆ ಬಂದರು. ತಹಶೀಲ್ದಾರರಿಗೆ ಉಳಿದದ್ದು ಶಾಂತಿ ಕಾಪಾಡಲು ಮುಚ್ಚಳಿಕೆ ಬರೆಸಿಕೊಳ್ಳುವಂಥ ಕೆಲಸ.

ಅಧಿಕಾರ ಬೇರೆಯಾಯಿತು, ಗೆರೆ ಹಳೆಯದೇ ಉಳಿಯಿತು. ರಾಜ್ಯದೊಳಗೆ ಸೆಷನ್ಸ್ ವಿಭಾಗ, ಅದರೊಳಗೆ ಒಂದೋ ಹೆಚ್ಚೋ ಜಿಲ್ಲೆ. ಸರ್ಕಾರ ಇದನ್ನು ಬದಲಾಯಿಸಬೇಕಾದರೆ ಹೈಕೋರ್ಟಿನ ಜೊತೆ ಸಮಾಲೋಚಿಸಬೇಕು. ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳನ್ನು ‘ಮಹಾನಗರ ಪ್ರದೇಶ’ ಎಂದು ಘೋಷಿಸುವ ಅವಕಾಶವಿತ್ತು. ಬೆಂಗಳೂರಿನ ‘ಎಸಿಎಂಎಂ ಕೋರ್ಟು’ (ಹೆಚ್ಚುವರಿ ಮುಖ್ಯ ಮಹಾನಗರ ಮ್ಯಾಜಿಸ್ಟ್ರೇಟರ ಕೋರ್ಟು) ಎಂಬ ಮಾತು ಅದರಿಂದಲೇ ಬಂದದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಬೇರೆ ವರ್ಗವೇ ಇಲ್ಲ. ಕಕ್ಷಿದಾರರ ಬಾಯಲ್ಲಿ ಹಳೆ ಹೆಸರು ಇನ್ನೂ ಸ್ವಲ್ಪ ದಿನ ಓಡಾಡುತ್ತದೆ, ಬಿಡಿ. ಠಾಣೆಯಲ್ಲಿ ‘ನಮ್ಮ ಸರಹದ್ದಿಗೆ ಬರಲ್ಲ’ ಎಂದು ದೂರುದಾರರನ್ನು ವಾಪಸ್ ಕಳಿಸುವಂತಿಲ್ಲ ಎಂಬುದೂ ಈ ಹೊಸ ಸಂಹಿತೆಯಲ್ಲೇ ಇದೆ. ಎಲ್ಲಿ ನಡೆದ ಅಪರಾಧವಾದರೂ ದೂರು ಬರೆದುಕೊಳ್ಳಲೇಬೇಕು.

ಗಡಿ ನಿಜವಾಗಿ ಕಾಡಿದ್ದು ಚೆಕ್ ಬೌನ್ಸ್ ಕೇಸುಗಳಲ್ಲಿ. ಚೆಕ್ಕಿಗೆ ಊರು ಒಂದಲ್ಲ: ಬರೆದದ್ದು ಒಂದು ಕಡೆ, ಹಾಕಿದ್ದು ಇನ್ನೊಂದು ಕಡೆ, ನೋಟಿಸು ಹೋದದ್ದು ಮತ್ತೊಂದು ಕಡೆ. ಇವುಗಳಲ್ಲಿ ಎಲ್ಲಿ ಬೇಕಾದರೂ ಕೇಸು ಹಾಕಬಹುದು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ಎದುರಿಗಿದ್ದವರನ್ನು ಸತಾಯಿಸಲೆಂದೇ ದೂರದ ಊರು ಹುಡುಕುವವರು ಹುಟ್ಟಿಕೊಂಡರು. 2014ರ ಆಗಸ್ಟ್‌ನಲ್ಲಿ ಅದೇ ಕೋರ್ಟು, ಚೆಕ್ ಕೊಟ್ಟವನ ಬ್ಯಾಂಕ್ ಇರುವ ಊರಲ್ಲಿ ಮಾತ್ರ ಎಂದಿತು. ಸಾಕ್ಷಿ ವಿಚಾರಣೆಯ ಹಂತ ತಲುಪದ ದೂರುಗಳನ್ನು ವಾಪಸ್ ಪಡೆದು ಆ ಊರಿಗೇ ಹೋಗಿ ಹಾಕಬೇಕಾಯಿತು. ಈಗ ಅಲೆದಾಟ ಸಾಲ ಕೊಟ್ಟವನ ಪಾಲಿಗೆ. 2015ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ತಿದ್ದಿತು. ಚೆಕ್ಕನ್ನು ಖಾತೆಗೆ ಹಾಕಿದ್ದರೆ, ಹಣ ಬರಬೇಕಾದವನ ಖಾತೆ ಇರುವ ಶಾಖೆಯ ಊರಿನಲ್ಲೇ ಕೇಸು. ಕಡತಗಳ ಮೂಟೆ ಮತ್ತೆ ಊರು ಬದಲಿಸಿತು.