ಆ ಕಾಲಮ್ಮಿನಲ್ಲಿ ಯಾವ ತಾರೀಖು ಬರೆಯಬೇಕು?

ಮದುವೆ ನೋಂದಣಿಗೆ ಬರುವವರು ಆಧಾರ್, ವಯಸ್ಸಿನ ದಾಖಲೆ, ಫೋಟೋ ಎಲ್ಲ ಜೋಡಿಸಿಕೊಂಡೇ ಬರುತ್ತಾರೆ. ಸಾಕ್ಷಿಗಳು ಹೊರಗೆ ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಆ ತಯಾರಿ ಬಗ್ಗೆ ನನ್ನ ತಕರಾರಿಲ್ಲ. ಕೆಲಸ ಕೆಡುವುದು ಇಂಗ್ಲಿಷ್ ಅರ್ಜಿಯ ಒಂದೇ ಕಾಲಮ್ಮಿನಲ್ಲಿ. 'ಡೇಟ್ ಆಫ್ ಸಾಲೆಮ್ನೈಸೇಷನ್ ಆಫ್ ಮ್ಯಾರೇಜ್' ಅಂತ ಇರುತ್ತದೆ. ಅದರ ಮುಂದೆ ಇವತ್ತಿನ ತಾರೀಖು ಬರೆದಿರುತ್ತಾರೆ.

"ಇವತ್ತಿಂದ್ಯಾಕ ಬರದೀರಿ?" ಅಂತ ಕೇಳಿದರೆ, "ಇವತ್ತ ರಜಿಸ್ಟರ್ ಮದುವಿ ಅಲ್ರೀ ಮೇಡಂ?" ಅನ್ನುತ್ತಾರೆ. ಬಿ.ಇ. ಓದಿದವರು, ಎಂ.ಬಿ.ಎ. ಮಾಡಿದವರು ಕೂಡ.

ಸಾಲೆಮ್ನೈಸ್ ಅಂದರೆ ನೋಂದಾಯಿಸುವುದಲ್ಲ. ಕ್ರಮಪ್ರಕಾರ, ಶಾಸ್ತ್ರೋಕ್ತವಾಗಿ ನೆರವೇರಿಸುವುದು. 1965ರಲ್ಲಿ ಸುಪ್ರೀಂ ಕೋರ್ಟೇ ಈ ಶಬ್ದಕ್ಕಾಗಿ ನಿಘಂಟು ತೆಗೆದು ನೋಡಿತ್ತು. ಭಾವೂರಾವ್ ಲೋಖಂಡೆ ಪ್ರಕರಣ, ಎರಡನೇ ಮದುವೆ ಮಾಡಿಕೊಂಡ ಆರೋಪ. ಮದುವೆಯ ವಿಷಯದಲ್ಲಿ ಸಾಲೆಮ್ನೈಸ್ ಅಂದರೆ ಸರಿಯಾದ ಶಾಸ್ತ್ರಗಳೊಂದಿಗೆ, ಸರಿಯಾದ ರೀತಿಯಲ್ಲಿ ನಡೆಸುವುದು ಅಂತ ಕೋರ್ಟ್ ಹೇಳಿತು. ಎರಡನೇ ಮದುವೆಯ ಮುಖ್ಯ ಶಾಸ್ತ್ರಗಳು ನಡೆದದ್ದು ಸಾಬೀತಾಗಲಿಲ್ಲ. ಶಿಕ್ಷೆ ರದ್ದಾಯಿತು. ಒಂದು ಶಬ್ದದ ಮೇಲೆ ಜೈಲು ತಪ್ಪಿತು ಅಂದರೆ ಅದರ ತೂಕ ನೋಡಿ.

ಧಾರವಾಡದ ಕಡೆಯವರಿಗೆ ನಾನು ಇಷ್ಟು ಪಾಠ ಹೇಳುವುದಿಲ್ಲ. "ಅಕ್ಕಿಕಾಳು ಬಿದ್ದ ತಾರೀಖು ಬರೀರಿ" ಅನ್ನುತ್ತೇನೆ. ಮದುವೆಯ ಅಕ್ಷತೆಗೆ ಅಲ್ಲಿ ಅಕ್ಕಿಕಾಳು ಅನ್ನುತ್ತಾರೆ. ತಟ್ಟನೆ ಗೊತ್ತಾಗುತ್ತದೆ. ಕಷ್ಟವೆಂದರೆ, ಆಗ ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. "ಅಕ್ಕಿಕಾಳು ಇನ್ನೂ ಬಿದ್ದಿಲ್ರೀ. ಮುಂದಿನ ಮೇ ತಿಂಗಳದಾಗ ಐತಿ."

ಇವರೇ ನನ್ನ ತಲೆ ತಿನ್ನುವವರು. ಹುಡುಗ ಹೊರದೇಶದಲ್ಲಿ, ಹುಡುಗಿಗೆ ವೀಸಾ ಬೇಕು, ವೀಸಾಕ್ಕೆ ಸರ್ಟಿಫಿಕೇಟ್ ಬೇಕು. ಮೊದಲು ಕಾಗದ ಮಾಡಿಸೋಣ, ಮದುವೆ ಆಮೇಲೆ ಧಾಂ ಧೂಂ ಮಾಡೋಣ ಅನ್ನುವ ಲೆಕ್ಕ. ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನ ನೋಂದಣಿ ಅಂದರೆ, ಆಗಿಹೋದ ಮದುವೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಆಗದ ಮದುವೆಯನ್ನು ಆಗಿದೆ ಅಂತ ಬರೆಸಿದರೆ ಅದು ಸುಳ್ಳು ಹೇಳಿಕೆ. ಮೂವರು ಸಾಕ್ಷಿಗಳನ್ನೂ ಸುಳ್ಳಿಗೆ ಎಳೆದಂತೆ.

ಸುಮ್ನೆ ಹೆದರಿಸುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸಿಹ್ ಅವರ ಪೀಠದ ಮುಂದೆ ಇಂಥದ್ದೇ ಒಂದು ಜೋಡಿ ಬಂದಿತ್ತು. ಇಬ್ಬರೂ ಪೈಲಟ್ ತರಬೇತಿ ಪಡೆದವರು. ಪದ್ಧತಿಯ ಮದುವೆ ಮುಂದಕ್ಕೆ ಇಟ್ಟುಕೊಂಡು, ಒಂದು ಸಂಸ್ಥೆಯ ಪ್ರಮಾಣಪತ್ರ ತೋರಿಸಿ ನೋಂದಣಿ ಮಾಡಿಸಿದ್ದರು. ಆಮೇಲೆ ಜಗಳ ಬಂತು. ಶಾಸ್ತ್ರವೇ ನಡೆದಿಲ್ಲ, ಹಾಗಾಗಿ ಮದುವೆಯೇ ಆಗಿಲ್ಲ, ಪ್ರಮಾಣಪತ್ರಕ್ಕೆ ಬೆಲೆ ಇಲ್ಲ ಎಂದಿತು ಕೋರ್ಟ್. ಅದನ್ನು ಹೇಳಿಸಿಕೊಳ್ಳಲು ದಿಲ್ಲಿಯ ತನಕ ಹೋಗಬೇಕಾಯಿತು, ನೋಡಿ.

ಆ ತೀರ್ಪು ಪೇಪರಿನಲ್ಲಿ ಬಂದಾಗ ನನ್ನ ಆಫೀಸಿಗೆ ಬೇರೆಯೇ ಗಾಬರಿ ಬಂತು. ಗದಗ ಕಡೆಯ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದು ಕೂತರು. "ನಮ್ಮದು ಮಠದಾಗ ಆದ ಮದುವಿ. ಏಳು ಹೆಜ್ಜಿ ಗಿಜ್ಜಿ ಇಟ್ಟಿಲ್ಲವ್ವಾ. ರಜಿಸ್ಟರೂ ಇಲ್ಲ. ಅಂದ್ರ ನಮ್ಮದು ಖರೆ ಮದುವಿ ಅಲ್ಲೇನು?" ಗಂಡ ಪಕ್ಕದಲ್ಲೇ ಕೂತು ನಗುತ್ತಿದ್ದರು. ಈಗ ಬಿಟ್ಟು ಹೋಗುವ ಅವಕಾಶ ಸಿಕ್ಕಿತು ಅಂತ ಅವರ ಚೇಷ್ಟೆ.

ಅಜ್ಜಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಯಾಕೆಂದರೆ ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಎಲ್ಲರಿಗೂ ಸಪ್ತಪದಿ ಬೇಕೇ ಬೇಕು ಅನ್ನುವುದಿಲ್ಲ. ವರ ಅಥವಾ ವಧು, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರ ನಡೆದರೆ ಸಾಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ಣ. 1955ರ ಈ ಕಾಯ್ದೆ ಲಿಂಗಾಯತ, ವೀರಶೈವ ಎಂದು ಹೆಸರು ಹಿಡಿದೇ ತನ್ನೊಳಗೆ ಸೇರಿಸಿಕೊಂಡಿದೆ. ನಿಮ್ಮಲ್ಲಿ ಸುರಗಿ ಸುತ್ತಿ, ಅಯ್ಯನವರ ಮುಂದೆ ತಾಳಿ ಕಟ್ಟಿ, ಅಕ್ಕಿಕಾಳು ಹಾಕುವುದೇ ರೂಢಿಯಾದರೆ ಅದೇ ನಿಮ್ಮ ಸಾಲೆಮ್ನೈಸೇಷನ್. ನೋಂದಣಿ ಮಾಡಿಸಿಲ್ಲ ಅಂದ ಮಾತ್ರಕ್ಕೆ ಮದುವೆ ಬಿದ್ದುಹೋಗುವುದಿಲ್ಲ. ಹಾಗಂತ ಮಾಡಿಸದೇ ಇರಬೇಡಿ. ಪಿಂಚಣಿ, ಆಸ್ತಿ, ಪಾಸ್‌ಪೋರ್ಟ್ ಅಂತ ಬಂದಾಗ ಅದು ದೊಡ್ಡ ಪುರಾವೆ. ರೂಢಿ ಯಾವುದು ಅನ್ನುವುದೇ ತಕರಾರಾದರೆ ಸಾಕ್ಷಿಯಿಂದ ತೋರಿಸಬೇಕಾಗುತ್ತದೆ. ಅದನ್ನು ಕಾಗದ ನೋಡದೆ ನಾನು ಹೇಳಲಾರೆ.

ಶಾಸ್ತ್ರ ಬೇಡ, ಸಹಿಯೇ ಮದುವೆ ಆಗಬೇಕು ಅನ್ನುವವರಿಗೂ ದಾರಿ ಇದೆ. ಅದು 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ ಮದುವೆ ಅಧಿಕಾರಿಯ ಮುಂದೆಯೇ ಸಾಲೆಮ್ನೈಸ್ ಆಗುತ್ತದೆ. ರೀತಿ ನಿಮ್ಮಿಷ್ಟ. ಹಾರ ಹಾಕಿಕೊಳ್ಳಿ, ಬಿಡಿ. ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಇವರನ್ನು ನನ್ನ ಕಾನೂನುಬದ್ಧ ಹೆಂಡತಿಯಾಗಿ, ಗಂಡನಾಗಿ ಸ್ವೀಕರಿಸುತ್ತೇನೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ. ಅದಕ್ಕೂ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಈ ಕಾಯುವುದೇ ಬೇಡ ಅಂತ ವೀಸಾ ಅವಸರದವರು 8ನೇ ಕಲಮಿಗೆ ಓಡುತ್ತಾರೆ. ಒಂದು ತಿಂಗಳು ಉಳಿಸಲು ಹೋಗಿ ವರ್ಷಗಟ್ಟಲೆ ಕೋರ್ಟು ಅಲೆದವರಿದ್ದಾರೆ.

ಲಗ್ನಪತ್ರಿಕೆಯ ಬಗ್ಗೆಯೂ ಒಂದು ಮಾತು. ನೋಂದಣಿಯಲ್ಲಿ ಅದನ್ನು ಪುರಾವೆಯಾಗಿ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಕಾರ್ಡಿನಲ್ಲಿ ಮದುವೆಯ ಹಿಂದಿನ ಸಂಜೆ ಆರತಕ್ಷತೆ 'ಸಾಲೆಮ್ನೈಸ್' ಆಗಲಿದೆ ಅಂತ ಇತ್ತು. ಅಕ್ಕಿಕಾಳಿನ ಸಮಯ ಕೆಳಗೆ ಇರುವೆ ಗಾತ್ರದಲ್ಲಿ. ಊಟ, ಆರ್ಕೆಸ್ಟ್ರಾ ಸಾಲೆಮ್ನೈಸ್ ಆಗುವುದಿಲ್ಲ. ಮನೆ ವಾಸ್ತು, ಸೀಮಂತಕ್ಕೂ ಈ ಶಬ್ದವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅದನ್ನು ಮದುವೆಯ ಶಾಸ್ತ್ರಕ್ಕೇ ಬಿಡಿ. ಆ ಮನೆಯವರು ಕಾರ್ಡಿನ ತಾರೀಖು ನೋಡಿಯೇ ಅರ್ಜಿ ತುಂಬಿದ್ದರು. ಫೋಟೋದಲ್ಲಿ ತಾಳಿ ಕಟ್ಟಿದ್ದು ಮರುದಿನ. ಸಹಿ ಬೀಳುವ ಮೊದಲೇ ಕಣ್ಣಿಗೆ ಬಿತ್ತು, ತಿದ್ದಿಸಿದೆವು.

ಇನ್ನು ಫೋಟೋ. ಉಣಕಲ್ ಕೆರೆಯ ಹತ್ತಿರ ಕೈ ಹಿಡಿದು ಓಡುವ ಚಿತ್ರಗಳನ್ನು ದಯವಿಟ್ಟು ಅರ್ಜಿಗೆ ಹಚ್ಚಬೇಡಿ. ಚೆನ್ನಾಗಿರುತ್ತವೆ, ನಾನೂ ನೋಡುತ್ತೇನೆ. ಬೇಕಾದದ್ದು ತಾಳಿ ಕಟ್ಟುವ ಹೊತ್ತಿನದು. ವಿಡಿಯೋದವರಿಗೆ ಮೊದಲೇ ಹೇಳಿಡಿ, ಆ ಹೊತ್ತಿಗೆ ಡ್ರೋನ್ ಬಿಟ್ಟು ಕೆಳಗೆ ನಿಂತಿರಲಿ.